ಆಟಿ ತಿಂಗಳಲ್ಲಿ ಸೋಪು ಒಣಗಿಸುವುದು

"ಕತ್ತರಿಸಿದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗೆ ಇಡಿ" ಎಂದು ಮನೆಯಲ್ಲಿ ಸೋಪು ಮಾಡಲು ಕಲಿಸುವವರೆಲ್ಲ ಹೇಳುತ್ತಾರೆ. ಹಾಗೆ ಹೇಳುವವರು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಒಮ್ಮೆ ಉಡುಪಿ ಹತ್ತಿರದ ನಮ್ಮ ಕಟಪಾಡಿಗೆ ಬರಬೇಕು. ಹಗ್ಗದ ಮೇಲಿನ ಬಟ್ಟೆ ಮೂರನೆಯ ದಿನಕ್ಕೂ ತಣ್ಣಗೇ ಇರುತ್ತದೆ. ಡಬ್ಬಿಯ ಮುಚ್ಚಳ ತುಸು ಸಡಿಲವಾದರೂ ಒಳಗಿನ ಹಪ್ಪಳ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಈ ಗಾಳಿಯನ್ನು ನಂಬಿ ಕ್ಯಾಲೆಂಡರಿನಲ್ಲಿ ವಾರ ಎಣಿಸುವುದನ್ನು ನಾನು ಬಿಟ್ಟಿದ್ದೇನೆ.

ನನ್ನದು ಬಹುಪಾಲು ತೆಂಗಿನೆಣ್ಣೆಯ ಸೋಪು. ನಮ್ಮದೇ ಕೊಬ್ಬರಿಯನ್ನು ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸುತ್ತೇವೆ. ಒಂದು ಕಿಲೋ ತೆಂಗಿನೆಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ನಾನು ಹಾಕುವುದು 150 ಗ್ರಾಂ. ಸೋಪಾಗದೆ ಉಳಿದ ಎಣ್ಣೆ ಮೈಗಾಗಿ. ಇಲ್ಲವಾದರೆ ಬರೀ ತೆಂಗಿನೆಣ್ಣೆಯ ಸೋಪು ಮೈಯ ಜಿಡ್ಡನ್ನೆಲ್ಲ ತೆಗೆದು ಚರ್ಮ ಬಿಗಿಯುವಂತೆ ಮಾಡುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು. ಕೈಗವಸು, ಕನ್ನಡಕ ಇರಲಿ. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ.

ನಮ್ಮ ಅತ್ತೆಯವರ ನಂಬಿಕೆಯೆಂದರೆ, ಒಣಗಲು ಇಡುವುದು ಸೋಡಾದ ಖಾರ ಇಳಿಯಲಿ ಎಂದು. ಬಹಳ ಜನ ಹೀಗೆಯೇ ತಿಳಿದಿದ್ದಾರೆ. ಆದರೆ ಸೋಡಾ ಮತ್ತು ಎಣ್ಣೆಯ ಕೆಲಸ ಮೊದಲ ಒಂದೆರಡು ದಿನದಲ್ಲೇ ಹೆಚ್ಚುಕಡಿಮೆ ಮುಗಿದಿರುತ್ತದೆ. ಅಳತೆ ತಪ್ಪಿ ಸೋಡಾ ಹೆಚ್ಚು ಬಿದ್ದ ಸೋಪನ್ನು ಆರು ವಾರ ಇಟ್ಟರೂ ಅದು ಸಾಧುವಾಗುವುದೆಂದು ನಂಬಿ ಕೂರಬಾರದು. ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ ನಾಲಿಗೆಯ ತುದಿಗೆ ತಾಗಿಸಿದರೆ ಚುರ್ ಎನ್ನಬಾರದು, ಅಷ್ಟೇ ಪರೀಕ್ಷೆ. (ಅತ್ತೆ ಇದನ್ನು ಕಂಡರೆ ಅಂದು ನನ್ನ ಕೈಯ ಸಾರು ಬಡಿಸಿಕೊಳ್ಳುವುದಿಲ್ಲ.) ಆಮೇಲಿನ ಕಾಯುವಿಕೆಯೆಲ್ಲ ಮುಖ್ಯವಾಗಿ ನೀರಿಗಾಗಿ. ಸೋಡಾ ಕರಗಿಸಲು ಹಾಕಿದ ನೀರು ನಿಧಾನವಾಗಿ ಹೊರಹೋಗಬೇಕು. ಹೋದಂತೆಲ್ಲ ಸೋಪು ಗಟ್ಟಿಯಾಗುತ್ತದೆ, ಹೆಚ್ಚು ದಿನ ಬಾಳುತ್ತದೆ.

ಹೊರಹೋಗಬೇಕಾದದ್ದು ನೀರು ಎಂದಾದ ಮೇಲೆ ತಕ್ಕಡಿಗಿಂತ ಒಳ್ಳೆಯ ಸಾಕ್ಷಿ ಬೇರೆ ಯಾವುದಿದೆ? ಪ್ರತಿ ಸಲ ಕತ್ತರಿಸಿದಾಗ ಒಂದು ಸೋಪಿನ ಮೂಲೆ ಕೆತ್ತಿ ಗುರುತು ಮಾಡುತ್ತೇನೆ. ಭಾನುವಾರ ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಕವನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತೇನೆ. ಮಾರ್ಚಿನಲ್ಲಿ ಮಾಡಿದ್ದು 110 ಗ್ರಾಮಿನಿಂದ ಸರಸರನೆ 96ಕ್ಕೆ ಇಳಿದು ಅಲ್ಲೇ ನಿಂತಿತು. ಜೂನಿನದು 101ರವರೆಗೆ ಬಂದು ಹಟ ಹಿಡಿಯಿತು. ಬಿಡದೆ ಮಳೆ ಹೊಡೆದ ವಾರದಲ್ಲಿ 102 ತೋರಿಸಿತು. ತಕ್ಕಡಿ ಕೆಟ್ಟಿರಲಿಲ್ಲ. ಮನೆಯ ಸೋಪಿನಲ್ಲಿ ಗ್ಲಿಸರಿನ್ ಹಾಗೆಯೇ ಉಳಿದಿರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮೇಲೆ ಬೆವರಿನಂಥ ಹನಿ ಕಟ್ಟುವುದೂ ಅದರಿಂದಲೇ. ದೊಡ್ಡ ಕಾರ್ಖಾನೆಗಳಲ್ಲಿ ಗ್ಲಿಸರಿನ್ ಅನ್ನು ಸಾಮಾನ್ಯವಾಗಿ ಬೇರ್ಪಡಿಸಿ ತೆಗೆಯುತ್ತಾರೆ.

ಎಲ್ಲಿಡುವುದು ಎಂಬುದು ಮಳೆಗಾಲದ ದೊಡ್ಡ ತಲೆನೋವು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಅಲ್ಲಿಟ್ಟ ಸೋಪಿಗೆ ಹೊಗೆಯ ವಾಸನೆ ಹತ್ತುತ್ತದೆ. ಬಚ್ಚಲಿನ ಹಂಡೆಯ ಹತ್ತಿರ ಬೆಂಕಿಯ ಜೊತೆಗೆ ಹಬೆಯೂ ಇದೆ. ಕಬ್ಬಿಣದ ಜಾಲರಿಯ ಮೇಲಿಟ್ಟರೆ ತುಕ್ಕು ತಾಗಿ ಕಲೆ ಬೀಳುತ್ತದೆ. ಹಾಗಾಗಿ ಬಿದಿರಿನ ಗೆರಸೆಯಲ್ಲಿ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಮೊದಲ ವಾರ ಫ್ಯಾನಿನ ಕೆಳಗೆ ಇಡುತ್ತೇನೆ. ಆಮೇಲೆ ಮರದ ಕಪಾಟಿನೊಳಗೆ, ಬಟ್ಟೆಗಳ ನಡುವೆ ತೂಗುಹಾಕುವ ತೇವ ಹೀರುವ ಪೊಟ್ಟಣದ ಜೊತೆ. ಪೊಟ್ಟಣದ ತಳದಲ್ಲಿ ನೀರು ತುಂಬುತ್ತ ಹೋಗುವುದನ್ನು ನೋಡಿದರೆ ನಾವು ಉಸಿರಾಡುವುದು ಗಾಳಿಯನ್ನೋ ನೀರನ್ನೋ ಎಂಬ ಅನುಮಾನ ಬರುತ್ತದೆ. ಆ ನೀರು ಸೋಪಿನ ಮೇಲೆ ಚೆಲ್ಲದಂತೆ ನೋಡಿಕೊಳ್ಳಬೇಕು.

ಮಂಗಳೂರಿನ ನಾದಿನಿಗೆ ಇಷ್ಟು ತಾಳ್ಮೆ ಇಲ್ಲ. "ಅತ್ತಿಗೆ, ಗಟ್ಟಿಯಾಗಿಯೇ ಉಂಟಲ್ಲ" ಎಂದು ಗೆರಸೆಯಿಂದಲೇ ಎರಡು ಎತ್ತಿಕೊಂಡು ಬಸ್ ಹತ್ತಿದಳು. ಮುಂದಿನ ವಾರ ಫೋನಿನಲ್ಲಿ ದೂರು: ಸೋಪುಪೆಟ್ಟಿಗೆಯಲ್ಲಿ ಲೋಳೆ ಬಿಟ್ಟರೆ ಏನೂ ಇಲ್ಲವಂತೆ. ತೆಂಗಿನೆಣ್ಣೆಯ ಸೋಪು ಮಾಡಿದ ದಿನವೇ ಕಲ್ಲಾಗಿ ಕಾಣುತ್ತದೆ. ತಡಮಾಡಿದರೆ ಕತ್ತರಿಸುವಾಗಲೇ ಪುಡಿಯಾಗುತ್ತದೆ. ಆ ಗಟ್ಟಿತನಕ್ಕೂ ಒಣಗುವುದಕ್ಕೂ ಸಂಬಂಧವಿಲ್ಲ ಎಂದು ಅವಳಿಗೆ ಹೇಳಿದೆ. "ಹಾಗಾದರೆ ಇನ್ನೆರಡು ಕೊಡಿ" ಎಂದಳು.

ಆಟಿ ಕಳೆದು ಸೋಣ ಬಂದು ನಡುನಡುವೆ ಬಿಸಿಲು ಕಾಣತೊಡಗಿದರೆ ತೂಕ ಮತ್ತೆ ಇಳಿಯುತ್ತದೆ. ಎರಡು ಭಾನುವಾರ ಒಂದೇ ಅಂಕೆ ಬಂದರೆ ಆ ಗೆರಸೆಯದನ್ನು ಬಳಸಲು ತೆಗೆಯುತ್ತೇನೆ. ನಾದಿನಿಯ ಪಾಲಿನದು ಸದ್ಯ 99ರಲ್ಲಿದೆ. ಚೌತಿಗೆ ಬಂದಾಗ ಅವಳೇ ತೂಕ ಮಾಡಿ ನೋಡಲಿ.