ಆಗ ನನಗೆ ಮೂರು ವರ್ಷ, ಸರ್

ಮೊನ್ನೆ ಶನಿವಾರ ಸಿಯಾಟಲ್ ಪಕ್ಕದ ರೆಂಟನ್ನಿನ ಕ್ಷೌರದಂಗಡಿಯಲ್ಲಿ ಕೇಳಿದ ಮಾತೊಂದು ವಾರವಿಡೀ ನನ್ನನ್ನು ಬಿಟ್ಟಿಲ್ಲ. ಗೋಡೆಯ ಟಿ.ವಿ.ಯಲ್ಲಿ ಒಕ್ಲಹೋಮಾ ಸಿಟಿ ಥಂಡರ್ ಬಾಸ್ಕೆಟ್‌ಬಾಲ್ ತಂಡದ ಆಟ ಶುರುವಾಯಿತು. ಅಂಗಡಿಯ ಹಿರಿಯರು ನನ್ನ ಕಿವಿಯ ಪಕ್ಕದಿಂದ ಕತ್ತರಿ ತೆಗೆದು, ರಿಮೋಟ್ ಎತ್ತಿಕೊಂಡು ಟಿ.ವಿ. ಆರಿಸಿದರು. ಅಲ್ಲಿಗೆ ಬರುವವರಿಗೆಲ್ಲ ಇದು ಗೊತ್ತಿರುವುದೇ. ಗೊತ್ತಿಲ್ಲದವನು ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಹುಡುಗ ಒಬ್ಬನೇ. ಅವನ ತಲೆಯ ಮೇಲೆ ಥಂಡರ್‌ನ ನೀಲಿ ಟೋಪಿಯಿತ್ತು.

“ಯಾಕೆ ಸರ್, ಆರಿಸಿಬಿಟ್ಟಿರಿ?”

“ನಿನ್ನ ತಲೆಯ ಮೇಲಿರುವುದು ನನ್ನ ತಂಡ, ತಮ್ಮಾ. ನಿಮ್ಮ ಊರಿನವರು ಎತ್ತಿಕೊಂಡು ಹೋದರು.”

ಹುಡುಗ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಆಗ ನನಗೆ ಮೂರು ವರ್ಷ, ಸರ್” ಎಂದ.

ಎದುರುತ್ತರವಾಗಿರಲಿಲ್ಲ ಅದು. ತನ್ನ ವಯಸ್ಸನ್ನು ಹೇಳಿದ, ಅಷ್ಟೇ. ಅದಕ್ಕೇ ಆ ಮಾತು ನನಗೆ ನಾಟಿತು. ಹಿರಿಯರದೂ ತಪ್ಪಲ್ಲ. ಒಕ್ಲಹೋಮಾಕ್ಕೆ ಹೋಗಿ ಥಂಡರ್ ಆಗುವ ಮೊದಲು ಆ ತಂಡ ಸಿಯಾಟಲ್ ಸೂಪರ್‌ಸಾನಿಕ್ಸ್ ಆಗಿತ್ತು. 1979ರಲ್ಲಿ ಅದು ಚಾಂಪಿಯನ್ ಆದಾಗ ಅವರು ಬೀದಿಯಲ್ಲಿ ಕುಣಿದವರು. 2008ರ ಏಪ್ರಿಲ್ 13ರಂದು ತವರಿನ ಕೊನೆಯ ಆಟಕ್ಕೂ ಹೋಗಿದ್ದವರು. ಡಲ್ಲಾಸ್ ವಿರುದ್ಧ 99–95ರಿಂದ ಗೆದ್ದ ಆ ರಾತ್ರಿ, ಆಗಿನ್ನೂ ಹತ್ತೊಂಬತ್ತರ ಹುಡುಗ ಕೆವಿನ್ ಡ್ಯುರಾಂಟ್ ಎರಡೂ ಕೈ ಎತ್ತಿ, ಇನ್ನೂ ಜೋರಾಗಿ ಕೂಗಿ ಎಂದು ಜನರಿಗೆ ಸನ್ನೆ ಮಾಡಿದ್ದನ್ನು ಅವರು ಹೇಳುವಾಗ ಅವರ ಕೈಗಳೂ ಮೇಲೇಳುತ್ತವೆ. ತಂಡವನ್ನು ಉಳಿಸಿಕೊಡಿ ಎಂದು ಇಡೀ ಕ್ರೀಡಾಂಗಣ ಕೂಗಿತ್ತಂತೆ. ಐದೇ ದಿನಕ್ಕೆ ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನ ತಂಡಗಳ ಮಾಲೀಕರು ಮತ ಹಾಕಿದರು: ಸ್ಥಳಾಂತರಕ್ಕೆ ಒಪ್ಪಿಗೆ 28, ವಿರೋಧ 2. ಕೂಗಿದವರಿಗೆ ಅಲ್ಲಿ ಮತವಿರಲಿಲ್ಲ.

ಊರಿನ ಗೆಳೆಯರಿಗೆ ಇದನ್ನು ಹೇಳಿದರೆ, ಒಂದು ಆಟದ ತಂಡಕ್ಕೆ ಇಷ್ಟೊಂದೇ ಎನ್ನುತ್ತಾರೆ. ಸಾನಿಕ್ಸ್ ಹೊರಟುಹೋದ ಆ 2008ರಲ್ಲೇ ನಮ್ಮ ಆರ್‌ಸಿಬಿ ಹುಟ್ಟಿತು. ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಎನ್ನುತ್ತ 2025ರ ಜೂನ್‌ವರೆಗೆ ಕಾದೆವಲ್ಲ, ಆ ಕಾಯುವಿಕೆಯ ನಡುವೆ ಯಾರೋ ತಂಡವನ್ನು ಕೊಂಡು, ಹೆಸರು ಬದಲಿಸಿ, ಇನ್ನೊಂದು ರಾಜ್ಯದ ಊರಿಗೆ ಒಯ್ದು, ಅಲ್ಲಿ ಕಪ್ ಎತ್ತಿದ್ದರೆ? ಅದೇ ಜೂನ್‌ನಲ್ಲಿ ಥಂಡರ್ ಫೈನಲ್ ಸರಣಿಯ ಏಳನೆಯ ಆಟದಲ್ಲಿ ಇಂಡಿಯಾನಾವನ್ನು ಸೋಲಿಸಿ ಚಾಂಪಿಯನ್ ಆಯಿತು. ಆ ವಾರ ನಾನು ಅಂಗಡಿಗೆ ಹೋದಾಗ ಹಿರಿಯರು ಬೆಂಗಳೂರಿನ ಗೆಲುವಿನ ವಿಷಯವನ್ನು ಕೆದಕಿ ಕೆದಕಿ ಕೇಳಿದರು. ಒಕ್ಲಹೋಮಾದ ಹೆಸರೆತ್ತಲಿಲ್ಲ.

ನನ್ನ ಸಿಟ್ಟಿರುವುದು ಮಾರಿದವರ ಮೇಲೆ, ಕೊಂಡವರ ಮೇಲೆ. ಆಗಿನ ಮಾಲೀಕ, ಸ್ಟಾರ್‌ಬಕ್ಸ್ ಕಾಫಿ ಕಂಪನಿಯ ಹೊವಾರ್ಡ್ ಶುಲ್ಟ್ಜ್ 2006ರಲ್ಲಿ ತಂಡವನ್ನು ಒಕ್ಲಹೋಮಾದ ಕ್ಲೇ ಬೆನೆಟ್ ಮತ್ತು ಜೊತೆಗಾರರಿಗೆ 35 ಕೋಟಿ ಡಾಲರಿಗೆ ಕೊಟ್ಟರು. ಒಕ್ಲಹೋಮಾದವರು ತಂಡ ಕೊಳ್ಳುವುದು ಯಾವ ಊರಿಗಾಗಿ ಎಂದು ಸಿಯಾಟಲ್‌ನ ಯಾವ ಕ್ಷೌರಿಕನಾದರೂ ಆಗಲೇ ಹೇಳುತ್ತಿದ್ದ. ಮರುವರ್ಷ ಸಹಮಾಲೀಕರೊಬ್ಬರು, ಸಿಯಾಟಲ್‌ನಲ್ಲಿ ಇಟ್ಟುಕೊಳ್ಳಲು ನಾವು ತಂಡ ಕೊಂಡಿಲ್ಲ ಎಂದು ಪತ್ರಿಕೆಯವರ ಮುಂದೆ ಬಾಯಿಬಿಟ್ಟರು. ಎನ್‌ಬಿಎ ಅವರಿಗೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿತು. ದಂಡ ಬಿದ್ದದ್ದು ಸತ್ಯ ನುಡಿದದ್ದಕ್ಕೆ!

ಜನರ ದುಡ್ಡಿನಲ್ಲಿ ಹೊಸ ಕ್ರೀಡಾಂಗಣ ಕಟ್ಟಿಕೊಡಿ ಎಂಬುದು ಮಾಲೀಕರ ಬೇಡಿಕೆಯಾಗಿತ್ತು. ತಂಡಗಳಿಗೆ ಕೊಡುವ ಸಾರ್ವಜನಿಕ ಹಣಕ್ಕೆ ನ್ಯಾಯವಾದ ಪ್ರತಿಫಲ ಬರಲೇಬೇಕು ಎಂದು ಸಿಯಾಟಲ್ ಮತದಾರರು 2006ರ ನವೆಂಬರ್‌ನಲ್ಲಿ ಭಾರೀ ಬಹುಮತದಿಂದ ನಿರ್ಧರಿಸಿದ್ದರು. ಅಂದು ನನಗೆ ಮತವಿದ್ದಿದ್ದರೆ ನಾನೂ ಅದಕ್ಕೇ ಹಾಕುತ್ತಿದ್ದೆ. ಶಾಲೆಗೆ, ಬಸ್ಸಿಗೆ ಕೊಡಬೇಕಾದ ತೆರಿಗೆಯನ್ನು ಕೋಟ್ಯಧಿಪತಿಗಳ ಮನೆಬಾಗಿಲಿಗೆ ಸುರಿಯಬೇಕೇ? ಆದರೆ ಹಾಗೆ ನ್ಯಾಯವಾಗಿ ನಡೆದುಕೊಂಡ ಊರಿಗೇ ನಲವತ್ತೊಂದು ಋತು ಆಡಿದ ತಂಡ ಇಲ್ಲವಾಯಿತು. ಕ್ರೀಡಾಂಗಣದ ಗುತ್ತಿಗೆ ಇನ್ನೂ ಎರಡು ವರ್ಷವಿರುವಾಗಲೇ ನಾಲ್ಕೂವರೆ ಕೋಟಿ ಡಾಲರಿನ ರಾಜಿಯಲ್ಲಿ ಅದು ಹೊರಟಿತು. ಹೆಸರು, ಹಸಿರು ಹಳದಿ ಬಣ್ಣ ಮಾತ್ರ ಇಲ್ಲಿ ಉಳಿದವು.

ಹಾಗೆಂದು ಒಕ್ಲಹೋಮಾ ಸಿಟಿಯನ್ನು ಬಯ್ಯಲು ನನಗೆ ಮನಸ್ಸಾಗುವುದಿಲ್ಲ. ಸುತ್ತಲಿನ ಊರುಗಳೂ ಸೇರಿ ಸಿಯಾಟಲ್ ಕಡೆ 40 ಲಕ್ಷ ಜನ, ಅಲ್ಲಿ 14 ಲಕ್ಷ. 1995ರಲ್ಲಿ ಫೆಡರಲ್ ಕಟ್ಟಡದ ಮೇಲಿನ ಬಾಂಬ್ ದಾಳಿಯಲ್ಲಿ 168 ಜನರನ್ನು ಕಳೆದುಕೊಂಡ ಊರು ಅದು. ಥಂಡರ್ ಸೇರುವ ಆಟಗಾರರನ್ನು ಇಂದಿಗೂ ಆ ಸ್ಮಾರಕಕ್ಕೆ ಕರೆದೊಯ್ಯುತ್ತಾರೆ. ಕತ್ರಿನಾ ಚಂಡಮಾರುತದಿಂದ ನೆಲೆ ತಪ್ಪಿದ ನ್ಯೂ ಆರ್ಲಿಯನ್ಸ್ ತಂಡಕ್ಕೆ 2005ರಲ್ಲಿ ಜಾಗ ಕೊಟ್ಟು, ಕ್ರೀಡಾಂಗಣ ತುಂಬಿಸಿ ತೋರಿಸಿದ್ದರು. ಅವರಿಗೆ ತಂಡವೊಂದು ಬೇಕಿತ್ತು, ಅದಕ್ಕೆ ಅವರು ಅರ್ಹರೂ ಆಗಿದ್ದರು. “ನಮಗೆ ಇರುವುದು ಇದೊಂದೇ ದೊಡ್ಡ ತಂಡ ಸರ್. ಅಜ್ಜಿಯೂ ಆಟ ಬಿಡುವುದಿಲ್ಲ” ಎಂದ ಹುಡುಗ. ಅವನು ಈಗ ಇಲ್ಲೇ ಬೋಯಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಸೂಪರ್‌ಸಾನಿಕ್ಸ್ ಎಂಬ ಹೆಸರು ಬಂದದ್ದೇ ಬೋಯಿಂಗ್‌ನ ಶಬ್ದಾತೀತ ವಿಮಾನದ ಯೋಜನೆಯಿಂದ ಎಂದು ಹಿರಿಯರು ಹೇಳಿದಾಗ ಅವನ ಮುಖ ಅರಳಿತು.

ಪ್ರೀತಿ ಎಷ್ಟಿದ್ದರೂ ಆ ಊರಿನ ಕೈಗೆ ಬಂದದ್ದೂ ಬಿಲ್ಲೇ. 2023ರ ಡಿಸೆಂಬರ್‌ನಲ್ಲಿ ಅವರು ಕನಿಷ್ಠ 90 ಕೋಟಿ ಡಾಲರಿನ ಹೊಸ ಕ್ರೀಡಾಂಗಣಕ್ಕೆ ಮತ ಹಾಕಿದರು. ಅದರಲ್ಲಿ ಮಾಲೀಕರ ಪಾಲು ಐದು ಕೋಟಿ, ಉಳಿದದ್ದು ಬಹುಪಾಲು ಮಾರಾಟ ತೆರಿಗೆ. ಹಾಲು ಕೊಳ್ಳುವ ಅಜ್ಜಿಯೂ ಕಟ್ಟುತ್ತಾಳೆ. ಕಟ್ಟದಿದ್ದರೆ ಏನಾಗುತ್ತದೆಂದು ಅವರಿಗೆ ಸಿಯಾಟಲ್‌ಗಿಂತ ಚೆನ್ನಾಗಿ ಯಾರು ತೋರಿಸಿಕೊಟ್ಟಾರು? ನಮ್ಮ ಹಿರಿಯರು, ಆ ಹುಡುಗ ಇಬ್ಬರೂ ಒಂದೇ ಬಲೆಯಲ್ಲಿದ್ದು ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದೇ 2008ರಲ್ಲಿ ಸಿಯಾಟಲ್‌ನ ಮಹಿಳೆಯರ ಗುಂಪೊಂದು ಇದೇ ಮಾಲೀಕರಿಂದ ಸ್ಟಾರ್ಮ್ ಮಹಿಳಾ ತಂಡವನ್ನು ಕೊಂಡು ಊರಲ್ಲೇ ಉಳಿಸಿಕೊಂಡಿತು. ಆಮೇಲೆ ಅದು 2010, 2018, 2020ರಲ್ಲಿ ಚಾಂಪಿಯನ್ ಆಯಿತು. ಸಾನಿಕ್ಸ್‌ಗಾಗಿ ಕಣ್ಣೀರಿಡುವ ಎಷ್ಟೋ ಗಂಡಸರಿಗೆ ಈ ಮೂರು ವರ್ಷಗಳು ಬಾಯಿಗೆ ಬರುವುದಿಲ್ಲ. ಇದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಹುಡುಗ ಕುರ್ಚಿಗೆ ಬಂದ ಮೇಲೆ ನಾನು ಹಿರಿಯರನ್ನು ಕೇಳಿದೆ: 2013ರಲ್ಲಿ ಸಿಯಾಟಲ್‌ನ ಗುಂಪೊಂದು ಸ್ಯಾಕ್ರಮೆಂಟೊ ಕಿಂಗ್ಸ್ ತಂಡವನ್ನು ಕೊಂಡು ಇಲ್ಲಿಗೆ ತರಲು ಹೊರಟಿತ್ತಲ್ಲ, ಎನ್‌ಬಿಎ 22–8ರಿಂದ ಬೇಡವೆಂದಿತಲ್ಲ, ಆಗ ನಿಮಗೇನನ್ನಿಸಿತು?

ಹುಡುಗನ ಕತ್ತಿಗೆ ಬಟ್ಟೆ ಕಟ್ಟುತ್ತ ಅವರು ತಡವರಿಸದೆ ಹೇಳಿದರು: “ಬರಲಿ ಎಂದೇ ಬೇಡಿಕೊಂಡಿದ್ದೆ. ಬಂದಿದ್ದರೆ ಮೊದಲ ದಿನವೇ ಟಿಕೆಟ್ ಕೊಳ್ಳುತ್ತಿದ್ದೆ. ಸ್ಯಾಕ್ರಮೆಂಟೊದವರ ಮುಖ ಮಾತ್ರ ನೋಡಲಾಗುತ್ತಿರಲಿಲ್ಲ.”

ಸಿಯಾಟಲ್‌ಗೆ ಮತ್ತೆ ತಂಡ ಬರುತ್ತದೆಂಬ ಸುದ್ದಿ ಓಡಾಡುತ್ತಲೇ ಇದೆ. ಬರುವುದಾದರೆ ಹೊಸದಾಗಿ ಹುಟ್ಟಿದ ತಂಡವೇ ಬರಲಿ, ಮತ್ತೊಂದು ಊರಿನ ಅಂಗಡಿಯಲ್ಲಿ ಟಿ.ವಿ. ಆರಿಸಿ ಬರುವುದು ಬೇಡ. ಕರಾರಿನಲ್ಲಿ, ಮಾರುವ ಮೊದಲು ಈ ಊರಿಗೆ ಕೊಳ್ಳುವ ಹಕ್ಕು ಕೊಡಬೇಕೆಂಬ ಸಾಲು ಇರಲಿ. ಹೀಗೆಂದು ನಮ್ಮ ಜನಪ್ರತಿನಿಧಿಗಳಿಗೆ ಪತ್ರ ಬರೆಯುತ್ತಿದ್ದೇನೆ. ಹಿರಿಯರೂ ಸಹಿ ಹಾಕುತ್ತೇನೆಂದಿದ್ದಾರೆ. ಹುಡುಗನೂ ಕೇಳಿಸಿಕೊಂಡು, “ನಾನೂ ಹಾಕಬಹುದೇ ಸರ್?” ಎಂದ.