ಪೇರಲೆ ಕಳ್ಳನ ಗುರುತು

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುವಷ್ಟರಲ್ಲಿ ಮೂರು ಸಲ ಮಳೆ ಬಂದು ಹೋಯಿತು. ಹುಲೇಕಲ್ ಕಡೆಯ ಅತ್ತೆಯ ಮನೆ ಮುಟ್ಟಿದಾಗ ಕತ್ತಲು. "ಆಸರಿಗೆ ಏನು ಬೇಕು ತಮಾ?" ಎಂದ ಬೆನ್ನಿಗೇ ಅತ್ತೆ ಪೇರಲೆಯ ದೂರು ತೆಗೆದರು. ಹಣ್ಣು ಕೊಳೆತು ಉದುರುತ್ತಿದೆ. ಬಾವಲಿಯಲ್ಲ, ಮಂಗನಲ್ಲ, ಕಚ್ಚಿದ ಗುರುತೇ ಇಲ್ಲ.

ಊಟವಾದ ಮೇಲೆ ಬ್ಯಾಟರಿ ಹಿಡಿದು ಹಿತ್ತಲಿಗೆ ಹೋದೆ. ಹಣ್ಣೊಂದಕ್ಕೆ ಒಣಗಿದ ಎಲೆ ಅಂಟಿಕೊಂಡಿತ್ತು. ಬೆಳಕು ಬಿದ್ದೊಡನೆ ಆ ಎಲೆಯ ಕಣ್ಣು ಕೆಂಪಗೆ ಹೊಳೆಯಿತು! ಕಡ್ಡಿಯಿಂದ ಮೆಲ್ಲಗೆ ತಟ್ಟಿದೆ. ಮುಂದಿನ ರೆಕ್ಕೆ ಸರಿದು, ಕೆಳಗೆ ಅಡಗಿದ್ದ ಹಿಂದಿನ ರೆಕ್ಕೆ ತೆರೆದುಕೊಂಡಿತು: ಥೇಟ್ ಹಣ್ಣಡಿಕೆಯ ಬಣ್ಣ, ಸುತ್ತ ಕಪ್ಪು ಅಂಚು.

ಪತಂಗ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಯಾವುದು ಎಂಬುದೇ ತಕರಾರು. ನಾನು ದೊಡ್ಡ ಪಂಡಿತನಂತೆ "ಯೂಡೋಸಿಮಾ ಫಲೋನಿಯಾ" ಎಂದುಬಿಟ್ಟೆ. ಜಗುಲಿಯಲ್ಲಿ ಕುಳಿತು ಮೊಬೈಲಿನ ಚಿತ್ರ ಹಿಗ್ಗಿಸಿದಾಗ ಪಾಂಡಿತ್ಯ ಇಳಿಯಿತು. ಫಲೋನಿಯಾದ ಹಿಂದಿನ ರೆಕ್ಕೆಯ ನಡುವೆ ಬಾಗಿದ ಕಪ್ಪು ಪಟ್ಟೆ ಇರುತ್ತದೆ. ಇಲ್ಲಿದ್ದದ್ದು ಕುಂಕುಮವಿಟ್ಟಂತೆ ದುಂಡನೆಯ ಕಪ್ಪು ಬೊಟ್ಟು. ಇದು ಯೂಡೋಸಿಮಾ ಮೆಟರ್ನಾ, 1767ರಲ್ಲಿ ಲಿನೇಯಸ್ ಹೆಸರಿಟ್ಟ ಪ್ರಭೇದ.

ಸಾಮಾನ್ಯ ಪತಂಗದ ಸೊಂಡಿಲು ಹೂವಿನ ಮಕರಂದಕ್ಕಷ್ಟೇ ಸಾಕು. ಇದರದು ಗಟ್ಟಿ, ತುದಿಯಲ್ಲಿ ಮುಳ್ಳುಗಳು. ಹಣ್ಣಿನ ಸಿಪ್ಪೆಯನ್ನೇ ಕೊರೆಯುತ್ತದೆ. ಅದು ಹೀರುವ ರಸ ಅಷ್ಟಕ್ಕಷ್ಟೇ. ಆದರೆ ಸೂಜಿಮೊನೆಯಷ್ಟು ತೂತಿನಿಂದ ಬೂಸ್ಟು ಒಳಹೊಕ್ಕು ಹಣ್ಣು ಕೊಳೆಯುತ್ತದೆ. ಹಲ್ಲಿನ ಗುರುತು ಎಲ್ಲಿಂದ ಬರಬೇಕು?

ಇದರ ಮರಿಗೆ ಪೇರಲೆ ಬೇಡ, ಅಮೃತಬಳ್ಳಿಯ ಎಲೆ ಬೇಕು. ಹಾಗೆಂದಾಗ ಅತ್ತೆ ಒಮ್ಮೆಲೇ ಸುಮ್ಮನಾದರು. ಕೊರೊನಾ ಕಾಲದಲ್ಲಿ ಕಷಾಯಕ್ಕೆಂದು ಅವರೇ ನೆಟ್ಟ ಬಳ್ಳಿ ಈಗ ಬಾವಿಕಟ್ಟೆಯ ಪಕ್ಕದ ಬೇಲಿಯನ್ನೆಲ್ಲ ನುಂಗಿತ್ತು. ಬೆಳಿಗ್ಗೆ ಹುಡುಕಿದರೆ ಎರಡು ಕಪ್ಪು ಹುಳುಗಳು. ಮುಟ್ಟಹೋದರೆ ತಲೆಯನ್ನು ಹೊಟ್ಟೆಯಡಿ ಮಡಚಿ, ಪಕ್ಕದ ಕಣ್ಣಿನಂಥ ಚುಕ್ಕೆಗಳನ್ನು ತೋರಿಸಿ ಹೆದರಿಸುತ್ತಿದ್ದವು. ನಾನು ನಿಜಕ್ಕೂ ಕೈ ಹಿಂದೆಳೆದೆ.

"ನನ್ನ ಕಷಾಯದ ಬಳ್ಳಿ ತಿಂದು ನನ್ನ ಪೇರಲೆಗೇ ಕೈಹಾಕುವುದೇ!" ಎಂದು ಬೈದರೂ ಅತ್ತೆ ಬಳ್ಳಿ ಕಡಿಯಲು ಒಪ್ಪಲಿಲ್ಲ. ಹಳೆಯ ಪೇಪರಿನಿಂದ ಪೊಟ್ಟಣ ಮಾಡಿ, ಬಾಳೆನಾರಿನಿಂದ ಒಂದೊಂದೇ ಕಾಯಿಗೆ ಕಟ್ಟಿದೆವು. ಮಧ್ಯಾಹ್ನದ ಬಸ್ಸಿಗೆ ಹೊರಟಾಗ, ತೂತಿಲ್ಲದ ಎರಡು ಹಣ್ಣನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ ನನ್ನ ಚೀಲಕ್ಕೆ ಹಾಕಿದರು.