ಎರಡು ಗಂಟೆಯಿಂದ ಕಾಯ್ತಾ ಇದ್ದೀನಿ

ಹಾಸನದಲ್ಲಿ ನಮ್ಮ ಮನೆಯ ಮಹಡಿ ಮೇಲೆ ಸಂಜೆ ಆರೂವರೆಗೆ ಇಂಗ್ಲಿಷ್ ಕ್ಲಾಸ್ ಮಾಡುತ್ತೇನೆ. ಬರುವವರು ಎಂಟು ಹತ್ತು ಜನ. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗ, ನರ್ಸಿಂಗ್ ಮುಗಿಸಿದ ಹುಡುಗಿಯರು, ಮಗಳ ಸ್ಕೂಲ್ ಮೀಟಿಂಗಿನಲ್ಲಿ ಬಾಯಿ ಬಿಟ್ಟು ಮಾತಾಡಬೇಕು ಅನ್ನುವ ಒಬ್ಬ ತಾಯಿ. ಮೊದಲ ವಾರವೇ ಎಲ್ಲರ ಬಾಯಲ್ಲೂ ಬರುವ ವಾಕ್ಯ ಒಂದಿದೆ: "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್."

ಇದನ್ನು ಕೇಳಿ ಯಾರಾದರೂ ನಕ್ಕರೆ ನನಗೆ ನಿಜವಾಗಿ ಬೇಜಾರಾಗುತ್ತದೆ. "ಐದು ವರ್ಷದಿಂದ ಕೆಲಸ ಮಾಡ್ತಾ ಇದ್ದೀನಿ" ಅನ್ನುವುದನ್ನೇ ಅವರು ಹೆಜ್ಜೆ ಹೆಜ್ಜೆಗೂ ಪ್ರಾಮಾಣಿಕವಾಗಿ ಇಂಗ್ಲಿಷಿಗೆ ತಂದಿರುತ್ತಾರೆ. ನಮ್ಮ 'ಇಂದ' ಎರಡು ಕೆಲಸ ಮಾಡುತ್ತದೆ. '2019ರಿಂದ' ಅಂತಲೂ ಅಂತೀವಿ, 'ಐದು ವರ್ಷದಿಂದ' ಅಂತಲೂ ಅಂತೀವಿ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಸಿನ್ಸ್, ಎರಡನೆಯದಕ್ಕೆ ಫಾರ್.

ಇದನ್ನು ಹೇಳಿಕೊಡಲು ನಾನು ಬೋರ್ಡಿನ ಮೇಲೆ ಬರೆಯುವುದು ಒಂದು ಕನ್ನಡ ವಾಕ್ಯ: "ಎರಡು ಗಂಟೆಯಿಂದ ಕಾಯ್ತಾ ಇದ್ದೀನಿ." ಏನರ್ಥ ಅಂತ ಕೇಳುತ್ತೇನೆ. ಎರಡು ಹೊಡೆದಾಗ ಬಂದು ನಿಂತೆ ಅಂತ ಅರ್ಧ ಜನ. ಬಂದು ನಿಂತು ಎರಡು ಗಂಟೆ ಆಯ್ತು ಅಂತ ಉಳಿದವರು. ಇಬ್ಬರೂ ಸರಿ! ಧಾರವಾಡ ಕಡೆಯ ಹುಡುಗಿ ಒಬ್ಬಳು, "ನಾವಾದ್ರ ಎರಡು ತಾಸಿನಿಂದ ಅಂತೀವ್ರಿ, ಗೊಂದಲಾನ ಇಲ್ಲ" ಅಂದಳು. ಎಷ್ಟು ಚೆನ್ನಾಗಿ ಹಿಡಿದಳು ಅಲ್ವಾ? ಆ ತಾಸಿನ ಜಾಗದಲ್ಲಿ ಬರುವುದೇ ಫಾರ್.

ಆಮೇಲೆ ದಾರಿ ಸುಲಭ. ಮನಸ್ಸಿನಲ್ಲಿ ಕನ್ನಡದಲ್ಲೇ ಪ್ರಶ್ನೆ ಹಾಕಿಕೊಳ್ಳಿ. 'ಯಾವಾಗಿನಿಂದ?' ಅನ್ನುವುದಕ್ಕೆ ಉತ್ತರವಾದರೆ ಸಿನ್ಸ್. 'ಎಷ್ಟು ಹೊತ್ತಿನಿಂದ, ಎಷ್ಟು ದಿನದಿಂದ?' ಅನ್ನುವುದಕ್ಕಾದರೆ ಫಾರ್. ಸಿನ್ಸ್ ಮಂಡೇ, ಫಾರ್ ತ್ರೀ ಡೇಸ್. ಕೆಲಸ ಇನ್ನೂ ನಡೀತಾ ಇದ್ದರೆ 'ಆಮ್ ವರ್ಕಿಂಗ್' ಸಾಲದು, 'ಹ್ಯಾವ್ ಬೀನ್ ವರ್ಕಿಂಗ್' ಬೇಕು. ಹಿಂದೆ ಶುರುವಾಗಿ ಈಗಲೂ ನಡೆಯುವುದಕ್ಕೆ ನಮಗೆ 'ಮಾಡ್ತಾ ಇದ್ದೀನಿ' ಸಾಕು, ಅವರಿಗೆ ಸಾಲುವುದಿಲ್ಲ.

ಇದೇ ಕೀಲಿ 'ಒಳಗೆ' ಅನ್ನುವುದಕ್ಕೂ ಹತ್ತುತ್ತದೆ. "ಕಮ್ ವಿದಿನ್ ಫೈವ್ ಓಕ್ಲಾಕ್" ಅಂತ ಆಫೀಸುಗಳಲ್ಲಿ ದಿನಾ ಕೇಳುತ್ತೇವೆ. 'ಯಾವಾಗಿನ ಒಳಗೆ' ಅಂದರೆ ಬೈ ಫೈವ್. 'ಎಷ್ಟು ಹೊತ್ತಿನ ಒಳಗೆ' ಅಂದರೆ ವಿದಿನ್ ಟೂ ಅವರ್ಸ್.

ಈ ತಪ್ಪುಗಳಿಂದ ಅಷ್ಟೇನೂ ನಷ್ಟವಿಲ್ಲ. ಎದುರಿನವರಿಗೆ ಅರ್ಥ ಆಗೇ ಆಗುತ್ತದೆ. ನನಗೆ ಜಾಸ್ತಿ ಚಿಂತೆ 'ಯೆಸ್' ಮತ್ತು 'ನೋ' ಬಗ್ಗೆ.

ಹೋದ ವರ್ಷ ನಮ್ಮ ನರ್ಸಿಂಗ್ ಹುಡುಗಿಯೊಬ್ಬಳಿಗೆ ಫೋನಿನಲ್ಲಿ ಇಂಟರ್‌ವ್ಯೂ ಆಯಿತು. ಹೊರದೇಶದ ಕೆಲಸ. ಅವರು ಕೇಳಿದರು, "ಸೋ, ಯು ಡೋಂಟ್ ಹ್ಯಾವ್ ಎ ಪಾಸ್‌ಪೋರ್ಟ್?" ಇವಳು "ಯೆಸ್ ಮೇಡಮ್" ಅಂದಳು. ಅವರು ಪಾಸ್‌ಪೋರ್ಟ್ ಇದೆ ಅಂತ ಬರೆದುಕೊಂಡರು. ಮರುದಿನ ಅದರ ಕಾಪಿ ಕಳಿಸಿ ಅಂತ ಮೆಸೇಜ್ ಬಂತು. ಇಲ್ಲ ಅಂದಾಗ, ಸುಳ್ಳು ಹೇಳಿದ್ದೀರಿ ಅಂತ ಅಲ್ಲಿಗೇ ನಿಲ್ಲಿಸಿದರು. ಆ ಮಗು ಮೆಟ್ಟಿಲ ಮೇಲೆ ಕೂತು ಅತ್ತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಅವಳು ಸುಳ್ಳು ಹೇಳಿರಲಿಲ್ಲ. "ಊಟ ಆಗಿಲ್ವಾ?" ಅಂದರೆ ನಾವು "ಹೂಂ, ಇನ್ನೂ ಆಗಿಲ್ಲ" ಅಂತೀವಿ. ನಮ್ಮ 'ಹೂಂ' ಎದುರಿನವರ ಮಾತಿಗೆ ಹೂಂಗುಟ್ಟುತ್ತದೆ: ನೀವು ಅಂದುಕೊಂಡಿದ್ದು ಸರಿ ಅಂತ. ಇಂಗ್ಲಿಷಿನ 'ಯೆಸ್' ಹಾಗಲ್ಲ. ಪ್ರಶ್ನೆ ಹೇಗೇ ಇರಲಿ, ಇದ್ದರೆ ಯೆಸ್, ಇಲ್ಲದಿದ್ದರೆ ನೋ. "ನೋ, ಐ ಡೋಂಟ್." ಅಷ್ಟೇ.

ಹೇಳಿಬಿಡುವುದು ಸುಲಭ. ಹುಟ್ಟಿದಾಗಿನಿಂದ ಬಂದ ಹೂಂ ಬಿಡಿಸುವುದು ಸುಲಭವಲ್ಲ. ಅದಕ್ಕೇ ಕ್ಲಾಸಿನಲ್ಲಿ ಒಂದು ಕಟ್ಟು ಮಾಡಿದ್ದೇನೆ. ಬರೀ ಯೆಸ್, ಬರೀ ನೋ ಯಾರೂ ಹೇಳುವ ಹಾಗಿಲ್ಲ. 'ಐ ಡೂ', 'ಐ ಡೋಂಟ್', 'ಐ ಹ್ಯಾವ್', 'ಐ ಹ್ಯಾವಂಟ್' ಅಂತ ಬಾಲ ಸೇರಲೇಬೇಕು. 'ಯೆಸ್, ಐ ಡೋಂಟ್' ಅಂದ ಕೂಡಲೇ ಅವರ ಕಿವಿಗೇ ಅದು ಕುಟುಕುತ್ತದೆ, ತಾವೇ ತಿದ್ದಿಕೊಳ್ಳುತ್ತಾರೆ.

ಅವಳು ಈಗಲೂ ಬರುತ್ತಾಳೆ. ಪಾಸ್‌ಪೋರ್ಟ್ ಕೈಗೆ ಬಂದಿದೆ. ಮೊನ್ನೆ ಮಳೆಯಲ್ಲಿ ನೆನೆದು ಬಂದಾಗ ಬಾಗಿಲಲ್ಲೇ ಕೇಳಿದೆ, "ಡಿಡಂಟ್ ಯು ಬ್ರಿಂಗ್ ಯುವರ್ ಅಂಬ್ರೆಲಾ?" ತಲೆ ಮೇಲೆ ಕೆಳಗೆ ಆಡಿಸಿದಳು, ತಟ್ಟನೆ ನಿಲ್ಲಿಸಿದಳು. "ನೋ ಮೇಡಮ್," ಅಂದಳು, "ಐ ಡಿಡಂಟ್."